ಆರ್ಡೆಲ್ ಕಾಪ್‌ನ ನಲವತ್ತೊಂದು ದೂರುಗಳು

ಮಂಗಳವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ರಾಜ್ಯ ಸರ್ಕಾರದ ಮೂವರು ತಪಾಸಣಾಧಿಕಾರಿಗಳು ಟ್ಯಾಮರಾಕ್ ವೃದ್ಧರ ಆರೈಕೆ ಮನೆಯ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಮುಂಚಿತವಾಗಿ ತಿಳಿಸಿ ಬರುವ ಪದ್ಧತಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿಲ್ಲ. ಏಳೂವರೆಯ ಹೊತ್ತಿಗೆ ಕಾರಿಡಾರಿನ ಗಾಲಿಕುರ್ಚಿಗಳೆಲ್ಲ ಗೋಡೆಗೆ ಒತ್ತಿ ಸಾಲಾಗಿ ನಿಂತಿದ್ದವು.

ಮುಖ್ಯ ನರ್ಸ್ ಮಾರ್ಲಿಸ್ ಟ್ವೇಟನ್‌ಗೆ ತೊಂದರೆ ಎದುರಾದದ್ದು ಹತ್ತು ಗಂಟೆಗೆ. ತಂಡದ ಹಿರಿಯ ಅಧಿಕಾರಿ ಪಾಕೂ ವಾಂಗ್ ಒಂದು ಹಾಳೆಯನ್ನು ಆಕೆಯ ಮೇಜಿನ ಮೇಲಿಟ್ಟಳು.

“ಏಪ್ರಿಲ್ ಹದಿಮೂರರಿಂದ ನಾಲ್ಕು ಭಾನುವಾರ ಇಲ್ಲಿ ನೋಂದಾಯಿತ ನರ್ಸ್ ಒಬ್ಬರೂ ಇರಲಿಲ್ಲ ಅಂತ ನಿಮ್ಮ ಕಂಪನಿಯೇ ಲೆಕ್ಕ ಕಳಿಸಿದೆ. ದಿನಕ್ಕೆ ಎಂಟು ಗಂಟೆ ಒಬ್ಬರಾದ್ರೂ ಇರಲೇಬೇಕಲ್ವಾ?”

“ನಾನೇ ಇದ್ದೆ ಮೇಡಂ. ಭಾನುವಾರದ ನರ್ಸ್ ಮೊಣಕಾಲು ಆಪರೇಷನ್ ಮಾಡಿಸ್ಕೊಂಡಿದ್ಲು. ನಾಲ್ಕು ವಾರಾನೂ ನಾನೇ ಬಂದೆ.”

“ಹಾಜರಿ ಯಂತ್ರಕ್ಕೆ ಕಾರ್ಡ್ ಒತ್ತಿದ್ರಾ?”

ಒತ್ತಿರಲಿಲ್ಲ. ಇಪ್ಪತ್ತಾರು ವರ್ಷಗಳಲ್ಲಿ ಒಮ್ಮೆಯೂ ಒತ್ತಿದವಳಲ್ಲ. ಈ ಮನೆ ಚರ್ಚಿನವರ ಕೈಯಲ್ಲಿದ್ದಾಗ ತಿಂಗಳ ಸಂಬಳದವರು ಕಾರ್ಡ್ ಮುಟ್ಟುತ್ತಿರಲಿಲ್ಲ. ಅವರ ಹೆಚ್ಚಿನ ದಿನಗಳನ್ನು ಗುಮಾಸ್ತೆ ಕೈಯಿಂದ ಬರೆದು ಸೇರಿಸುತ್ತಿದ್ದಳು. ಮಾರ್ಚ್‌ನಲ್ಲಿ ಮನೆಯನ್ನು ಕೊಂಡ ಕಂಪನಿಗೆ ಗುಮಾಸ್ತೆ ಬೇಕಾಗಲಿಲ್ಲ. ಯಂತ್ರ ಸೋಮವಾರದಿಂದ ಶುಕ್ರವಾರದವರೆಗೆ ಮಾರ್ಲಿಸ್‌ಳ ಗಂಟೆಗಳನ್ನು ತಾನೇ ತುಂಬಿಕೊಂಡು ಭಾನುವಾರಕ್ಕೆ ಸೊನ್ನೆ ಹಾಕಿತ್ತು.

“ಮುಂಬಾಗಿಲ ಪಟ್ಟಿಯಲ್ಲಿ ಹಾಕಿದ್ವಿ ಮೇಡಂ, ನರ್ಸ್ ಒಬ್ಬರು ಅಂತ.”

“ಅದು ಬೆಳಿಗ್ಗೆ ಬರೆದು ಅಂಟಿಸೋದು. ಆಮೇಲೆ ಇದ್ರೋ, ಮನೆಗೆ ಹೋದ್ರೋ, ಅದು ಹೇಳಲ್ಲ. ಬೇರೆ ಏನಾದ್ರೂ ಇದ್ರೆ ತನ್ನಿ.”

ಬೇರೇನೂ ಸಿಗಲಿಲ್ಲ. ಆ ಭಾನುವಾರಗಳಲ್ಲಿ ಆಕೆ ಹಾಸಿಗೆ ಬದಲಿಸಿದ್ದಳು, ತಟ್ಟೆ ಹಂಚಿದ್ದಳು. ಔಷಧಿಯ ದಾಖಲೆಯಲ್ಲಿದ್ದದ್ದು ಕಿರಿಯ ನರ್ಸ್‌ನ ಸಹಿ; ಅವಳು ನೋಂದಾಯಿತ ನರ್ಸ್‌ಗಳ ಲೆಕ್ಕಕ್ಕೆ ಬರುತ್ತಿರಲಿಲ್ಲ. ಸಿಬ್ಬಂದಿ ವಿಷಯದಲ್ಲಿ ಲೋಪ ದಾಖಲಾದರೆ ಪೂರ್ವ ಭಾಗವನ್ನು ಮುಚ್ಚುವುದಾಗಿ ಮಾಲೀಕರು ಮೊದಲೇ ಪತ್ರ ಬರೆದಿದ್ದರು. ಅಲ್ಲಿ ಹದಿನಾಲ್ಕು ಜನರಿದ್ದರು. ಇನ್ನೊಂದು ಆರೈಕೆ ಮನೆ ಇದ್ದದ್ದು ನಲವತ್ತು ಮೈಲಿ ಆಚೆ.

ಎರಡು ಗಂಟೆಗೆ ನಿವಾಸಿಗಳ ಮಂಡಳಿಯೊಂದಿಗೆ ಅಧಿಕಾರಿಗಳ ಮಾತುಕತೆ. ಸಿಬ್ಬಂದಿಗೆ ಪ್ರವೇಶವಿಲ್ಲ. ಮಂಡಳಿಯ ಅಧ್ಯಕ್ಷ ಆರ್ಡೆಲ್ ಕಾಪ್‌ಗೆ ಎಂಬತ್ತೆಂಟು ವರ್ಷ. ಕೆಲಸದಲ್ಲಿದ್ದಾಗ ಹಾಲಿನ ಡೈರಿಗಳ ತಪಾಸಣೆ ಮಾಡುತ್ತಿದ್ದವನು. ಅವನು ತೊಡೆಯ ಮೇಲೆ ತನ್ನ ದೂರುಗಳ ದಪ್ಪ ಫೈಲ್ ಇಟ್ಟುಕೊಂಡು ಗಾಲಿಕುರ್ಚಿ ತಳ್ಳಿಕೊಂಡು ಬರುವುದು ಮಾರ್ಲಿಸ್‌ಗೆ ಕಂಡಿತು.

“ಅಷ್ಟೂ ದೂರು ಇವತ್ತೇ ಕೊಡ್ಬೇಕಾ ಆರ್ಡೆಲ್?”

“ನಲವತ್ತೊಂದೂ ಕೊಡ್ತೀನಿ. ಬಚ್ಚಿಟ್ಟು ತಪಾಸಣೆ ಮಾಡಿಸ್ಕೊಳ್ಳೋರನ್ನ ಬೇಕಾದಷ್ಟು ನೋಡಿದ್ದೀನಮ್ಮ. ಜಾಗ ಬಿಡು.”

ಬಾಗಿಲು ಮುಚ್ಚಿತು. ಒಳಗೆ ನಗು ಕೇಳಿಸಿತು. ಮಾರ್ಲಿಸ್ ಅದನ್ನು ಕೆಟ್ಟ ಸೂಚನೆ ಎಂದೇ ತಿಳಿದಳು. ನಲವತ್ತು ನಿಮಿಷದ ಮೇಲೆ ವಾಂಗ್ ಆಕೆಯನ್ನು ಒಳಗೆ ಕರೆದಳು.

“ಕೂತ್ಕೊಳ್ಳಿ. ಇದು ನಿಮ್ಮ ಸಹಿನಾ ನೋಡಿ. ಏಪ್ರಿಲ್ ಹದಿಮೂರು, ಬೆಳಿಗ್ಗೆ ಏಳು ಇಪ್ಪತ್ತು: ‘ಮೊಟ್ಟೆ ತಣ್ಣಗಿದೆ. ಮುಖ್ಯ ನರ್ಸ್ ಬಿಸಿ ಮಾಡಿ ತಂದಳು. ಈಗ ರಬ್ಬರಿನಂತಿದೆ.’ ಅದೇ ದಿನ ಹನ್ನೊಂದಕ್ಕೆ ಕಿಟಕಿ. ಒಂದೂವರೆಗೆ ಪಕ್ಕದ ರೂಮಿನ ಟೀವಿ. ಮೂರು ಮುಕ್ಕಾಲಿಗೆ ಮತ್ತೆ ಕಿಟಕಿ.”

“ನನ್ನದೇ ಮೇಡಂ. ಟೈಮ್ ಬರೆದು ಸಹಿ ಹಾಕೋವರೆಗೂ ಇವರು ಬಾಗಿಲಿಗೆ ಅಡ್ಡ ಕೂರ್ತಾರೆ.”

“ಭಾನುವಾರ ಬಿಂಗೊ ಆಟ ಇರಲ್ಲ,” ಎಂದ ಆರ್ಡೆಲ್. “ಹೊತ್ತು ಹೋಗ್ಬೇಕಲ್ಲ.”

ನಾಲ್ಕು ಭಾನುವಾರಗಳಲ್ಲೂ ಮೊದಲ ದೂರು ಏಳೂವರೆಗೆ ಮುಂಚೆ, ಕೊನೆಯದು ಮೂರೂವರೆಯ ನಂತರ. ವಾಂಗ್, ದೂರು ಬಂದ ದಿನವೇ ದಾಖಲಿಸುವ ಆಫೀಸಿನ ದೂರು ಪುಸ್ತಕ ತರಿಸಿ ಒಂದೊಂದನ್ನೂ ತಾಳೆ ನೋಡಿದಳು. ಎಲ್ಲವೂ ಸರಿಹೊಂದಿದವು.

“ಇಷ್ಟೊಂದು ಗೋಳು ಹೊಯ್ಕೊಳ್ಳೋರು ಇರೋವಾಗ ನೀವು ಎದ್ದು ಹೋಗೋ ಹಾಗೇ ಇರಲಿಲ್ಲ ಬಿಡಿ,” ಎಂದಳು.

ಕಾರಿಡಾರಿನಲ್ಲಿ ಮಾರ್ಲಿಸ್ ಅವನ ಕುರ್ಚಿಯ ಹಿಡಿಗೆ ಕೈ ಹಾಕಿದಳು.

“ಆರ್ಡೆಲ್, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ?”

“ನಿನ್ನ ಉಳಿಸೋಕೆ ಬರೆದಿದ್ದಲ್ಲಮ್ಮ. ಮೊಟ್ಟೆ ನಿಜವಾಗ್ಲೂ ತಣ್ಣಗಿತ್ತು.”

ವರದಿ ಹನ್ನೊಂದನೆಯ ದಿನ ಬಂತು. ನರ್ಸ್ ಇರಲಿಲ್ಲವೆಂಬ ಮಾತು ಅದರಲ್ಲಿರಲಿಲ್ಲ. ಇದ್ದ ಲೋಪ ಒಂದೇ, ಭಾನುವಾರದ ತಿಂಡಿ ತಣ್ಣಗಿರುವುದು. ಪೂರ್ವ ಭಾಗದಿಂದ ಯಾರೂ ಊರು ಬಿಡಬೇಕಾಗಲಿಲ್ಲ. ಮಾರ್ಲಿಸ್ ಯಂತ್ರಕ್ಕೆ ಕಾರ್ಡ್ ಒತ್ತುವುದನ್ನು ಕಲಿತಳು. ನಿಯಮದಂತೆ ವರದಿಯನ್ನು ಮುಂಬಾಗಿಲ ಬಳಿ ತೂಗುಹಾಕಿದಳು.

ನಲವತ್ತೆರಡನೆಯ ದೂರು ಅದೇ ದಿನ ಸಂಜೆ ನಾಲ್ಕು ಗಂಟೆ ಐದು ನಿಮಿಷಕ್ಕೆ ಬಂತು: ಗಾಲಿಕುರ್ಚಿಯಲ್ಲಿ ಕೂತವರಿಗೆ ವರದಿ ಎಟುಕುತ್ತಿಲ್ಲ. ನಾಲ್ಕು ಇಪ್ಪತ್ತಕ್ಕೆ ಅದನ್ನು ಎರಡಡಿ ಕೆಳಗಿಳಿಸಲಾಯಿತು.