ಬಲಕ್ಕೆ ಹೋಗುವ ಚೆಂಡು

ನನ್ನ ಭಾವ ಸದಾನಂದ ಶೆಟ್ಟರಿಗೆ ಐವತ್ತು ದಾಟಿದ ಮೇಲೆ ಗಾಲ್ಫ್ ಹುಚ್ಚು ಹಿಡಿಯಿತು. ಎಪ್ಪತ್ತೆಂಟನೆಯ ಇಸವಿಯ ಮಾತು. ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ನಮ್ಮ ಹೋಟೆಲು. ಅಲ್ಲಿಗೆ ದೋಸೆ ತಿನ್ನಲು ಬರುತ್ತಿದ್ದ ನಿವೃತ್ತ ಕರ್ನಲ್ ಒಬ್ಬರು ಅದ್ಯಾವ ಗಳಿಗೆಯಲ್ಲೋ ಭಾವನನ್ನು ಯೆರವಾಡದ ಗಾಲ್ಫ್ ಮೈದಾನಕ್ಕೆ ಕರೆದೊಯ್ದರು, ಸದಸ್ಯತ್ವವನ್ನೂ ಕೊಡಿಸಿದರು. ಮೀಸೆ ಮೂಡುವ ಮೊದಲೇ ಊರು ಬಿಟ್ಟು ಬಂದು, ಮುಸುರೆ ತಿಕ್ಕಿ, ಕಾವಲಿಯ ಮುಂದೆ ಬೆಂದು ಮೇಲೆ ಬಂದ ಮನುಷ್ಯ ಬಿಳಿ ಟೋಪಿ ಹಾಕಿಕೊಂಡು ಹುಲ್ಲಿನಲ್ಲಿ ಚೆಂಡು ಹೊಡೆಯುವುದನ್ನು ನೋಡಿ ನನಗೆ ನಗು ಬಂತು. ಗಲ್ಲಾದಲ್ಲಿ ಕೂರುವ ಭಾವಮೈದುನ ನಗಬಾರದೆಂದು ಕಾನೂನೇನೂ ಇಲ್ಲವಲ್ಲ.

ಭಾವನಿಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಡ್ರೈವರ್ ಎಂಬ ಉದ್ದನೆಯ ಕೋಲಿನಿಂದ ಮೊದಲ ಹೊಡೆತ ಹೊಡೆಯಬೇಕು, ಚೆಂಡು ನೇರವಾಗಿ ದೂರ ಹೋಗಬೇಕು. ಅವರ ಚೆಂಡು ಸ್ವಲ್ಪ ದೂರ ನೆಟ್ಟಗೆ ಹಾರಿ, ಆಮೇಲೆ ಬಲಕ್ಕೆ ಬಾಗಿ, ಮರಗಳಾಚೆಯ ನಾಲೆಗೆ ಬೀಳುತ್ತಿತ್ತು. ಸರದಿಗಾಗಿ ಹಿಂದೆ ಕಾದು ನಿಂತಿರುತ್ತಿದ್ದ ಕಾರ್ಖಾನೆಯ ಮಾಲೀಕರು, ಫೌಜಿನವರು ಏನೂ ಅನ್ನುತ್ತಿರಲಿಲ್ಲ. ಆ ಮೌನವೇ ಭಾವನನ್ನು ತಿನ್ನುತ್ತಿತ್ತು.

"ಒಂದೇ ಒಂದು ಸಲ ಅವರೆಲ್ಲರ ಎದುರು ನೆಟ್ಟಗೆ ಹೋಗ್ಬೇಕು ರಾಘಣ್ಣ. ಮತ್ತೆ ಕೋಲು ಬಿಸಾಡಿದ್ರೂ ಅಡ್ಡಿಲ್ಲ" ಎಂದು ನನಗೆ ಹೇಳುತ್ತಿದ್ದರು.

ಅವರ ಕೋಲುಗಳ ಚೀಲ ಹೊರುತ್ತಿದ್ದವನು ಅಂಬಣ್ಣ. ಯಾದಗಿರಿ ಕಡೆಯವನು. ಅವನ ಮನೆಯವರೆಲ್ಲ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದವರು, ಇವನೊಬ್ಬ ಇಟ್ಟಿಗೆ ಬಿಟ್ಟು ಚೀಲ ಹಿಡಿದಿದ್ದ. ಪ್ರತಿ ಹೊಡೆತಕ್ಕೂ ಅವನ ಹತ್ತಿರ ಒಂದು ತಪ್ಪು ಸಿದ್ಧವಾಗಿರುತ್ತಿತ್ತು. "ತಲಿ ಎತ್ತಿದ್ರಿ ಮಾಲಕ್ರ." "ಮೊಳಕೈ ಹಾರ್ಲಿಕತ್ತದ್ರಿ." "ಚೆಂಡು ಎಡಗಾಲ ಕಡಿ ಇಡ್ರಿ." ಎಲ್ಲವನ್ನೂ ತಾನೇ ಕಂಡುಹಿಡಿದವನ ಗತ್ತು ಅವನದು. ಅವನು ಹೇಳಿದ್ದನ್ನು ತಿದ್ದಿಕೊಂಡರೆ ಒಂದು ದಿನ ಚೆಂಡು ಮಾತು ಕೇಳುತ್ತಿತ್ತು, ಮರುದಿನ ಮತ್ತೆ ನಾಲೆ.

ಕೊನೆಗೊಂದು ದಿನ ಅಂಬಣ್ಣ ರೋಗದ ಬುಡವೇ ಸಿಕ್ಕವನಂತೆ ಹೇಳಿದ. "ಮಾಲಕ್ರ, ನಿಮ್ಮ ಬಲಗೈ ಇನ್ನಾ ದ್ವಾಶಿ ಹೊಯ್ಲಿಕತ್ತದ್ರಿ. ಕಡೀಕ ಹೊರಗ ತಿರಗತದ. ಅದಕ್ಕ ಚೆಂಡೂ ಹೊರಗ ಹೊಂಟದ."

ಕರ್ನಲ್ ಹೊಟ್ಟೆ ಹಿಡಿದು ನಕ್ಕು, ಹೌದೆಂದು ಒಪ್ಪಿದರು. ಮೈದಾನದ ತುಂಬ ಅದೇ ತಮಾಷೆಯಾಯಿತು. ಭಾವನಿಗೆ ಬೇಸರವಾಗಲಿಲ್ಲ, ಬದಲಿಗೆ ಜೀವ ಬಂದಂತಾಯಿತು. ಕೈಗೆ ಹತ್ತಿದ್ದು ಅಭ್ಯಾಸವಾದರೆ ಬಿಡಿಸಬಹುದಲ್ಲ!

ಹಾಗೆಂದು ಅವರು ಮಾಡಿದ್ದನ್ನು ನೆನೆದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ. ನಮ್ಮ ಹೋಟೆಲಿನಲ್ಲಿ ದಿನದ ಮೊದಲ ದೋಸೆಯನ್ನು ಯಜಮಾನರೇ ಹೊಯ್ಯಬೇಕು. ಅದನ್ನು ದೇವರ ಪಟದ ಮುಂದಿಟ್ಟ ಮೇಲೆಯೇ ಗಿರಾಕಿಗೆ ತಟ್ಟೆ. ಜ್ವರದಲ್ಲೂ ತಪ್ಪಿಸದ ಆ ಕ್ರಮವನ್ನು ಭಾವ ಬಿಟ್ಟರು. ಕೈ ದೋಸೆಯನ್ನು ಮರೆಯಬೇಕಂತೆ. ಕಾವಲಿಯನ್ನು ಅಡುಗೆಯ ಹುಡುಗ ಶ್ಯಾಮನಿಗೆ ಒಪ್ಪಿಸಿದರು.

"ಒಂದು ಚೆಂಡಿಗಾಗಿ ಅನ್ನ ಕೊಟ್ಟ ಕಾವಲಿ ಬಿಡುದಾ?" ಎಂದು ನನ್ನಕ್ಕ ಕುಸುಮ ಸಿಡುಕಿದಳು.

"ಚೆಂಡು ನೆಟ್ಟಗಾದ ಕೂಡ್ಲೆ ಮತ್ತೆ ಹೊಯ್ತೇನೆ ಮಾರಾಯ್ತಿ" ಎಂದರು ಭಾವ.

ಮಳೆಗಾಲ ಮುಗಿಯಿತು, ದೀಪಾವಳಿಯೂ ಕಳೆಯಿತು. ಚೆಂಡು ಇನ್ನಷ್ಟು ಬಲಕ್ಕೆ ಹೋಯಿತು. ಅಂಬಣ್ಣ ಕೋಲಿನ ಹಿಡಿಗೆ ಪಟ್ಟಿ ಸುತ್ತಿಕೊಟ್ಟ. ಭಾವ ತಾರಸಿಯ ಮೇಲೆ ಬರಿಗೋಲು ಬೀಸಿ ಬೀಸಿ ಬೆವರಿದರು. ಒಂದು ಬೆಳಗ್ಗೆ ಕಾಫಿ ಲೋಟ ಅವರ ಕೈಯಿಂದ ಜಾರಿ ಬಿದ್ದಾಗ, "ದೋಸೆ ಮರೀಲಿಕ್ಕೆ ಹೋಗಿ ಕಾಫಿಯನ್ನೂ ಮರೆತಿತಾ ಕೈ?" ಎಂದು ಎಲ್ಲರೂ ನಕ್ಕೆವು. ಅವರೂ ನಕ್ಕರು.

ತಂಗಿಯ ಮದುವೆಗೆಂದು ಶ್ಯಾಮ ಊರಿಗೆ ಹೋದ ಭಾನುವಾರ, ಜನ ಬಾಗಿಲ ತನಕ ನಿಂತಿದ್ದರು. ಭಾವ ಹೆಗಲ ಮೇಲಿನ ಬೈರಾಸನ್ನು ಸೊಂಟಕ್ಕೆ ಕಟ್ಟಿ ಕಾವಲಿಯ ಮುಂದೆ ನಿಂತರು. ಸೌಟಿನ ಹಿಟ್ಟು ಬಿತ್ತು, ಕೈ ಅರ್ಧ ಸುತ್ತು ಹೋಗಿ ನಿಂತಿತು. ಇನ್ನೊಂದು ಹೊಯ್ದರು, ಅದೂ ಮುದ್ದೆ. ಆಮೇಲೆ ಅವರು ಸೌಟನ್ನು ಎರಡೂ ಕೈಗಳಲ್ಲಿ ಹಿಡಿದರು, ಗಾಲ್ಫ್ ಕೋಲು ಹಿಡಿಯುವ ಹಾಗೆ. ನಾನು ಗಲ್ಲಾದಿಂದ ಎದ್ದು ನಿಂತೆ.

ಕುಸುಮಕ್ಕ ಬಂದು ಒಲೆ ಆರಿಸಿದಳು. ಅವರ ಬಲಗೈ ಹಿಡಿದು ಬೆಳಕಿಗೆ ತಿರುಗಿಸಿದಳು. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಮಾಂಸ ಇಂಗಿ ಅಲ್ಲಿ ಹೊಂಡ ಬಿದ್ದಿತ್ತು.

"ಇದು ಯಾವಾಗಿಂದ?" ಎಂದಳು. ಭಾವನಿಗೆ ಗೊತ್ತಿರಲಿಲ್ಲ.

ನರಗಳ ಡಾಕ್ಟರು ಸುತ್ತಿಬಳಸಲಿಲ್ಲ. ನರ ಸಾಯುತ್ತಿದೆ, ಈಗ ಈ ಕೈ, ಆಮೇಲೆ ಆ ಕೈ, ಕಾಲು, ಕೊನೆಗೆ ನುಂಗುವುದು, ಉಸಿರು. ಮದ್ದಿಲ್ಲ. ಕುಸುಮಕ್ಕ ಸೆರಗು ಬಾಯಿಗಿಟ್ಟುಕೊಂಡಳು. ಭಾವ ಒಂದೇ ಪ್ರಶ್ನೆ ಕೇಳಿದರು: ಚೆಂಡು ಬಲಕ್ಕೆ ಹೋಗುತ್ತಿದ್ದದ್ದು ಇದರಿಂದಲೇ? ಇರಬಹುದು ಎಂದರು ಡಾಕ್ಟರು.

"ಅವರಿಗೆ ಗಾಲ್ಫ್ ಗೊತ್ತಿಲ್ಲ" ಎಂದರು ಭಾವ, ರಿಕ್ಷಾದಲ್ಲಿ. "ನನ್ನ ಹೊಡೆತದಲ್ಲೇ ಎಂತದೋ ತಪ್ಪುಂಟು. ಅದು ಸರಿಯಾಗಿ ಚೆಂಡು ನೆಟ್ಟಗೆ ಹೋದ್ರೆ ಡಾಕ್ಟ್ರು ಹೇಳಿದ್ದು ಸುಳ್ಳೇ ಅಲ್ವಾ?" ನಾನು ಹೌದೆಂದೆ.

ಮುಂದಿನ ವಾರ ಅಕ್ಕ ಅವರ ಅಂಗಿಯ ಗುಂಡಿ ಹಾಕಿಕೊಟ್ಟಳು. ನಾನು ಸ್ಕೂಟರಿನಲ್ಲಿ ಯೆರವಾಡಕ್ಕೆ ಕರೆದೊಯ್ದೆ. ಭಾವ ಟೋಪಿ ಸರಿಮಾಡಿಕೊಳ್ಳುತ್ತಿದ್ದಾಗ ಅಂಬಣ್ಣನನ್ನು ಬದಿಗೆ ಕರೆದು ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವನು ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡ.

ಹಿಂದೆ ನಾಲ್ಕಾರು ಜನ ಕಾದಿದ್ದರು. ಭಾವ ಬೀಸಿದರು. ಕೋಲು ಬಲಗೈಯಿಂದ ಕಳಚಿತು. ಚೆಂಡು ಹುಲ್ಲಿನಲ್ಲಿ ಬಲಕ್ಕೆ ಉರುಳಿ, ಕೂಗಳತೆಗೂ ಹೋಗದೆ ನಿಂತಿತು. ಕಾದವರು ಬೇರೆಲ್ಲೋ ನೋಡಿದರು.

ಭಾವ ಅಂಬಣ್ಣನ ಕಡೆ ತಿರುಗಿದರು. "ಎಂತ ತಪ್ಪಾಯ್ತು ಹೇಳು."

"ಏನೂ ತಪ್ಪಿಲ್ರಿ ಮಾಲಕ್ರ. ಭಾಳ ಛಲೋ ಹೊಡದ್ರಿ."

ಅಂಬಣ್ಣ ಕರುಣೆಯಿಂದಲೇ ಹಾಗೆಂದ. ಆದರೂ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು ನನಗೆ.

"ತಲೆ ಎತ್ತಿದ್ನಾ?"

"ಇಲ್ರಿ."

"ಮೊಣಕೈ?"

"ಸರಿ ಇತ್ರಿ."

ಆಸ್ಪತ್ರೆಯಲ್ಲಿ ಕುಸಿಯದ ಮುಖ ಅಲ್ಲಿ ಕುಸಿಯಿತು. ಭಾವ ಹುಲ್ಲಿನ ಮೇಲೆ ಕುಳಿತುಬಿಟ್ಟರು. "ಒಂದು ತಪ್ಪಾದ್ರೂ ಹೇಳು ಮಾರಾಯ" ಎಂದರು.

ಅಂಬಣ್ಣ ಕೋಲನ್ನು ಎತ್ತಿ, ಒರೆಸಿ, ಚೀಲದೊಳಗೆ ಇಟ್ಟ.