ರಕ್ತದಲ್ಲಿ ಮೊದಲೇ ಇತ್ತು

ವಜೀರಾ ಬೆಂಗಳೂರಿನ ಆಸ್ಪತ್ರೆಯಿಂದ ಬಂದ ನಾಲ್ಕನೇ ದಿನ ಅವಳ ಅಕ್ಕನ ಮಗಳು ಅಸ್ರಾ ಮನೆಗೆ ಬಂದಳು. ಚಪ್ಪಲಿ ಬಿಟ್ಟ ಜಾಗದಲ್ಲೇ ನಿಂತು, ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟಳು. ಮೂರು ವರ್ಷದ ಹಿಂದೆ ಇದೇ ಬೀದಿಯಲ್ಲಿ ರಕ್ತ ತೆಗೆದುಕೊಂಡು ಹೋಗಿದ್ದರಲ್ಲ, ವಜೀರಾಳ ರಕ್ತದಲ್ಲಿ ಆಗಲೇ ಈ ಕಾಯಿಲೆಯ ಗುರುತು ಇತ್ತಂತೆ. ರಕ್ತ ತೆಗೆಸಿದ್ದ ಡಾಕ್ಟರ್ ನಟರಾಜು ಅವರ ಹತ್ತಿರ ಅಷ್ಟು ದಿನದಿಂದಲೂ ಆ ಫಲಿತಾಂಶ ಇತ್ತಂತೆ.

ವಜೀರಾ ಅಕ್ಕಿ ಆರಿಸುತ್ತಿದ್ದವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. ಅವಳಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಮಾತೇ ನಿಂತುಹೋಗುತ್ತಿತ್ತು.

ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಯಲ್ಲಿ ಹುಟ್ಟಿ ಅಂಥದೇ ಮನೆಗೆ ಸೊಸೆಯಾಗಿ ಬಂದವಳು ಅವಳು. ಕುದಿಯುವ ನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹಿಡಿದು ತೆಗೆಯುವುದರಲ್ಲಿ ಅವಳ ಬೆರಳಿಗೆ ಸಮ ಇಲ್ಲ ಎಂದು ಗಂಡ ಸಾಬೀರ್ ಬಂದವರೆದುರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಅವಳ ತಾಯಿ ಅಕ್ಬರಿ ಬೇಗಂಳ ಕೈ ಬಹಳ ಹಿಂದೆಯೇ ಸೊಟ್ಟಗಾಗಿತ್ತು. ಎಲ್ಲರೂ ಅದನ್ನು ನೀರಿನ ಕೆಲಸದ ಫಲ ಎಂದೇ ತಿಳಿದಿದ್ದರು. ಅದು ಸಂಧಿವಾತ ಎಂದು ಮೊದಲು ಹೇಳಿದವರು ಡಾಕ್ಟರ್ ನಟರಾಜು. ಮೈಯನ್ನು ಕಾಯಬೇಕಾದ ಪ್ರತಿಕಾಯಗಳು ಮೈಯ ಮೇಲೇ ತಿರುಗಿಬೀಳುವ ಕಾಯಿಲೆ ಅದು, ತಾಯಿಗಿದ್ದರೆ ಮಕ್ಕಳಿಗೂ ಬರಬಹುದು, ಕೀಲು ಊದುವ ಎಷ್ಟೋ ಮುಂಚೆ ಆ ಪ್ರತಿಕಾಯ ರಕ್ತದಲ್ಲಿ ಕಾಣುತ್ತದೆಯೇ ಎಂದು ನೋಡುವ ಅಧ್ಯಯನ ತಮ್ಮದು ಎಂದು ವಿವರಿಸಿದ್ದರು. ಅಸ್ರಾಗೆ ಅವರ ಬಳಿ ರಕ್ತ ತೆಗೆಯುವ ಕೆಲಸ ಆಗ ತಾನೇ ಸಿಕ್ಕಿತ್ತು. ಬೀದಿಯಲ್ಲಿ ಯಾರೂ ತೋಳು ಚಾಚಲಿಲ್ಲ. ಹುಡುಗಿಯ ಕೆಲಸಕ್ಕೆ ಕುತ್ತು ಬರಬಾರದೆಂದು ವಜೀರಾ ಮೊದಲು ಕೂತಳು, ಮಗಳು ಸಾನಾಳನ್ನೂ ಕೂರಿಸಿದಳು. ಅವರನ್ನು ನೋಡಿ ಉಳಿದವರೂ ಬಂದರು.

ಹೋದ ವರ್ಷ ಬೆಳಿಗ್ಗೆ ಎದ್ದರೆ ವಜೀರಾಗೆ ಮುಷ್ಟಿ ಕಟ್ಟಲು ಆಗದಂತಾಯಿತು. ಹತ್ತಿರದ ಕ್ಲಿನಿಕ್ಕಿನವರು ನೀರಿನ ಕೆಲಸ ಬಿಡಿ ಎಂದು ಇಂಜೆಕ್ಷನ್ ಕೊಟ್ಟರು. ಚುಚ್ಚಿಸಿಕೊಂಡ ವಾರ ಆರಾಮ, ಆಮೇಲೆ ಇನ್ನೂ ಜಾಸ್ತಿ. ಹೀಗೇ ವರ್ಷ ಉರುಳಿತು. ಕೊನೆಗೆ ಬೆಂಗಳೂರಿಗೆ ಹೋದಾಗ ಕೀಲುರೋಗದ ಡಾಕ್ಟರು ಎಕ್ಸ್‌ರೇ ನೋಡಿ, ಎರಡು ಬೆರಳು ಇನ್ನು ನೆಟ್ಟಗಾಗುವುದಿಲ್ಲ, ಊತ ಶುರುವಾದ ತಿಂಗಳಲ್ಲೇ ಬಂದಿದ್ದರೆ ಉಳಿಸಬಹುದಿತ್ತು ಎಂದಿದ್ದರು. ಆಗ ಅವಳಿಗೆ ಅಳು ಬಂದಿತ್ತು, ಸಿಟ್ಟು ಬಂದಿರಲಿಲ್ಲ.

"ನಿಂಗೂ ಗೊತ್ತಿತ್ತಾ?" ಎಂದಳು ಈಗ.

"ಇಲ್ಲ ಖಾಲಾ. ನಮ್ ಕೈಗೆ ಬರೋದು ಬರೀ ನಂಬರು, ಹೆಸರಿರಲ್ಲ. ನಿಮಗೆ ಕಾಯಿಲೆ ಅಂತ ನಾನು ಹೇಳಿದ್ಮೇಲೆ ಸರ್ ಹಳೇ ರಿಪೋರ್ಟು ತೆಗೆಸಿ ನೋಡಿದ್ರು."

"ನೋಡಿ ಏನಂದ್ರು?"

ಅಸ್ರಾ ಮಾತು ತೇಲಿಸಿದಳು. ವಜೀರಾ ಬಿಡಲಿಲ್ಲ. ಕೆದಕಿ ಕೆದಕಿ ಕೇಳಿದ ಮೇಲೆ ಹುಡುಗಿ ನಿಜ ಹೇಳಿದಳು. ಸರ್ ಖುಷಿಪಟ್ಟರಂತೆ. ಮೊದಲು ರಕ್ತದಲ್ಲಿ ಗುರುತು ಕಂಡು, ಆಮೇಲೆ ಕಾಯಿಲೆಯೂ ಕಾಣಿಸಿಕೊಂಡವರು ಅವರಿಗೆ ಸಿಗುವುದೇ ಅಪರೂಪವಂತೆ. ಗುರುವಾರ ಇನ್ನೊಮ್ಮೆ ರಕ್ತ ತೆಗೆಯಲು ತಾವೇ ಬರುತ್ತಾರಂತೆ.

ಗುರುವಾರದವರೆಗೆ ವಜೀರಾ ಮನೆಯಲ್ಲಿ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ.

ನಟರಾಜು ಮಾಗಡಿ ಕಡೆಯ ರೈತರ ಮನೆಯವರು, ಬಿಂಕ ಇಲ್ಲದ ಮನುಷ್ಯ. ಚಾಪೆಯ ಮೇಲೇ ಕೂತು ಅಕ್ಬರಿ ಬೇಗಂಳ ಆರೋಗ್ಯ ವಿಚಾರಿಸಿದರು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಆ ಪ್ರತಿಕಾಯ ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಎಷ್ಟೋ ಜನ ಕೊನೆಯವರೆಗೂ ಚೆನ್ನಾಗೇ ಇರುತ್ತಾರೆ. ನೋವಿಲ್ಲದವರಿಗೆ ಕೊಡಬೇಕಾದ್ದು ಎಂದು ಒಪ್ಪಿತವಾದ ಔಷಧಿಯೂ ಇಲ್ಲ. ಹೇಳಿದರೆ ಸುಮ್ಮನೆ ಜೀವನಪೂರ್ತಿ ಹೆದರಿಸಿದಂತಾಗುತ್ತದೆ ಎಂದು ತಮ್ಮ ಸಂಸ್ಥೆಯ ಸಮಿತಿಯೇ ತೀರ್ಮಾನಿಸಿತ್ತು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸುಳ್ಳಿಲ್ಲ ಎಂದು ಗೊತ್ತಾದಷ್ಟೂ ವಜೀರಾಳ ಮೈ ಉರಿಯಿತು.

"ಹೆದ್ರುಕೋತಿದ್ದೆ, ನಿಜ," ಎಂದಳು. "ಹೆದ್ರುಕೊಂಡಿದ್ರೆ ಬೆರಳು ಊದಿದ ದಿನಾನೇ ಬೆಂಗ್ಳೂರ್ ಬಸ್ ಹತ್ತಿರ್ತಿದ್ದೆ ಸಾ. ನೀರಿನ ಕೆಲಸ, ನೀರಿನ ಕೆಲಸ ಅಂತ ಕ್ಲಿನಿಕ್ಕಿನೋರು ಹೇಳಿದ್ನ ನಂಬ್ಕೊಂಡು ವರ್ಷ ಕಳೀತಿರ್ಲಿಲ್ಲ. ಒಸಿ ಹೆದರಿಸಿಬುಟ್ಟಿದ್ರೆ ನಿಮ್ ಗಂಟೇನು ಹೋಗ್ತಿತ್ತು?"

ನಟರಾಜು ತಲೆ ತಗ್ಗಿಸಿದರು. ತಪ್ಪಾಯಿತು ಎಂದರು, ಮೆಲ್ಲಗೆ. ಆಮೇಲೆ ಬಂದ ಕೆಲಸ ನೆನಪಾದವರಂತೆ ಅಸ್ರಾಳ ಕಡೆ ನೋಡಿದರು. ಅಸ್ರಾ ಸೂಜಿಯ ಪೊಟ್ಟಣ ತೆಗೆದಳು.

ವಜೀರಾ ಸೆರಗಿನೊಳಗೆ ಕೈ ಎಳೆದುಕೊಂಡಳು. "ನನ್ ಮಗಳ್ದೂ ನಿಮ್ ಹತ್ರ ಐತೆ. ಈ ಬೀದಿಯೋರ್ದೆಲ್ಲ ಐತೆ. ಮೊದ್ಲು ಅದನ್ನ ಹೇಳಿ."

ಅದು ತಮ್ಮೊಬ್ಬರ ಕೈಯಲ್ಲಿಲ್ಲ, ಸಮಿತಿ ಒಪ್ಪಬೇಕು ಎಂದರು ಡಾಕ್ಟರು.

"ಹಂಗಾದ್ರೆ ಒಪ್ಪಿಸ್ಕೊಂಡು ಬನ್ನಿ."

ಕೇಳಿ ನೋಡುತ್ತೇನೆ ಎಂದು ಮಾತು ಕೊಟ್ಟು ಅವರು ಎದ್ದು ಹೋದರು. ವಜೀರಾ ಅಂದು ಸಂಜೆಯೇ ಮನೆಮನೆಗೆ ಹೋದಳು. ನಿಮ್ಮ ರಕ್ತದಲ್ಲಿ ಏನಿದೆ ಎಂದು ಅವರಿಗೆ ಗೊತ್ತು, ನಿಮಗೆ ಗೊತ್ತಿಲ್ಲ ಎಂದು ಹೇಳಿದಳು. ಕೆಲವರು ಅವಳ ಜೊತೆ ಸೇರಿ ಡಾಕ್ಟರನ್ನು ಬೈದರು. ಕೆಲವರು ಅವಳನ್ನೇ ಬೈದರು, ಮದುವೆಗಿರುವ ಹೆಣ್ಣುಮಕ್ಕಳ ಹೆಸರಿಗೆ ಯಾಕೆ ಕಾಯಿಲೆ ಅಂಟಿಸುತ್ತೀಯ ಎಂದು. ಈ ಗದ್ದಲದಲ್ಲಿ ಅಸ್ರಾಳ ಕೆಲಸ ಇನ್ನೇನು ಹೋಯಿತು ಅನ್ನುವಂತಾಗಿ, ಅವಳ ತಾಯಿ ವಜೀರಾಳ ಜೊತೆ ಮಾತು ಬಿಟ್ಟಳು. ಹೋದ ಕಡೆಯೆಲ್ಲ ಏನಾದರೊಂದು ಅನ್ನಿಸಿಕೊಂಡು ಬಂದರೂ ವಜೀರಾ ಸುಮ್ಮನಾಗಲಿಲ್ಲ. ಬೆಂಗಳೂರಿನ ಡಾಕ್ಟರು ಕೊಟ್ಟ ವಾರಕ್ಕೊಮ್ಮೆಯ ಮಾತ್ರೆಗೆ ಊತ ಇಳಿಯುತ್ತಾ ಬಂತು, ಸಿಟ್ಟು ಇಳಿಯಲಿಲ್ಲ.

ನಟರಾಜು ಮಾತಿಗೆ ತಪ್ಪಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಸಮಿತಿ ಒಪ್ಪಿತು. ಬೇಕೆಂದವರಿಗೆ ಫಲಿತಾಂಶ ಹೇಳುವುದು, ಗುರುತು ಇದ್ದವರನ್ನು ಆಗಾಗ ಕರೆಸಿ ಕೀಲು ನೋಡುವುದು ಎಂದಾಯಿತು. ಸರ್ಕಾರಿ ಶಾಲೆಯಲ್ಲಿ ಭಾನುವಾರ ಏರ್ಪಾಡು. ವಜೀರಾ ಬೆಳಿಗ್ಗೆಯೇ ಬುರ್ಖಾ ಹಾಕಿಕೊಂಡು ಮಗಳನ್ನು ಕರೆದಳು.

ಸಾನಾ ಬಿಡದಿಯ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಹೋಗುತ್ತಿದ್ದವಳು, ವಾರಕ್ಕೊಂದೇ ರಜೆ. ಬಟ್ಟೆ ನೆನೆಹಾಕುತ್ತಾ, "ನಂಗೆ ಬ್ಯಾಡ ಅಮ್ಮಿ," ಎಂದಳು.

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡಳು ವಜೀರಾ. ಅಲ್ಲ ಎಂದು ತಿಳಿದಾಗ ಅಷ್ಟು ತಿಂಗಳ ಸಿಟ್ಟೆಲ್ಲ ಮಗಳ ಕಡೆ ತಿರುಗಿತು. "ನಾನು ಊರೋರ್ ಕೈಲೆಲ್ಲ ಅನ್ನಿಸ್ಕೊಂಡಿದ್ದು ಯಾರಿಗೋಸ್ಕರ?"

"ನನ್ನ ಕೇಳಿ ಅನ್ನಿಸ್ಕೊಂಡ್ಯಾ?" ಎಂದಳು ಸಾನಾ. ದನಿಯಲ್ಲಿ ಅವಳಿಗೂ ಸಿಟ್ಟಿತ್ತು. "ಅವತ್ತು ರಕ್ತ ಕೊಡ್ಸುವಾಗ್ಲೂ ಕೇಳ್ಲಿಲ್ಲ. ಈಗ್ಲೇ ದಿನಾ ಎದ್ದು ನನ್ ಕೈ ನೋಡ್ತೀಯ. ಗೊತ್ತಾಗ್ಬುಟ್ರೆ ಇನ್ನೇನು ಮಾಡ್ತೀಯ? ನೋವು ಬಂದ್ರೆ ಎಲ್ಲಿಗೆ ಹೋಗ್ಬೇಕು ಅಂತ ನಂಗೆ ಗೊತ್ತೈತೆ. ಅಷ್ಟು ಸಾಕು."

ವಜೀರಾ ಬಾಗಿಲು ದಡಾರನೆ ಎಳೆದುಕೊಂಡು ಒಬ್ಬಳೇ ಹೋದಳು.

ಶಾಲೆಯ ಕೋಣೆಯಲ್ಲಿ ಅಸ್ರಾ ಕೂತಿದ್ದಳು. ಹೊರಗೆ ಬೀದಿಯ ಹೆಂಗಸರು ಸಾಲು ನಿಂತಿದ್ದರು, ವಜೀರಾಳನ್ನು ಬೈದವರೂ ಇದ್ದರು. ವಜೀರಾ ನೇರ ಒಳಗೆ ಹೋಗಿ, ಸಾನಾಳದು ಏನು ಬಂದಿದೆ ಹೇಳು ಎಂದಳು.

"ಸಾನಾನೇ ಬಂದು ಕೇಳ್ಬೇಕು ಖಾಲಾ."

"ನಾನು ಅವಳ ತಾಯಿ."

"ಹೌದು ಖಾಲಾ. ಆದ್ರೂ ಅವಳೇ ಕೇಳ್ಬೇಕು."

ಒಂದು ಕ್ಷಣ ವಜೀರಾಗೆ ಆ ಮೇಜನ್ನೇ ಮಗುಚಿಹಾಕುವಷ್ಟು ರೋಷ ಬಂತು. ಅಸ್ರಾ ಕಣ್ಣು ತಗ್ಗಿಸಲಿಲ್ಲ. ಬೇಕಾದರೆ ಬೈಯಿರಿ ಎಂಬಂತೆ ಕೂತಿದ್ದಳು. ವಜೀರಾ ಕುರ್ಚಿ ಎಳೆದುಕೊಂಡು ಕೂತು, ಆ ಗುರುವಾರ ಕೊಡದಿದ್ದ ರಕ್ತಕ್ಕೆ ತೋಳು ಚಾಚಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಅಸ್ರಾ ರಕ್ತ ತೆಗೆದು ಹತ್ತಿ ಒತ್ತಿದಳು.

ವಜೀರಾ ಎದ್ದು ಹೋಗಲಿಲ್ಲ. ಸಾಲು ಕರಗುವವರೆಗೂ ವರಾಂಡದಲ್ಲಿ ಕೂತಿದ್ದಳು. ಅಸ್ರಾ ರಕ್ತದ ಪೆಟ್ಟಿಗೆ ಎತ್ತಿಕೊಂಡು ಹೊರಬಂದಾಗ ಅದರ ಒಂದು ಹಿಡಿಗೆ ನೆಟ್ಟಗಿದ್ದ ಬೆರಳುಗಳನ್ನು ಸೇರಿಸಿದಳು. ಇಬ್ಬರೂ ಪೆಟ್ಟಿಗೆಯನ್ನು ವ್ಯಾನಿನವರೆಗೆ ಹೊತ್ತುಕೊಂಡು ಹೋದರು.