ಒಂದೂವರೆಯ ಗೆರೆ

ಆಪರೇಷನ್ ಆದ ನಾಲ್ಕನೆಯ ದಿನ ಮಧ್ಯಾಹ್ನ ವಾರ್ಡಿಗೆ ಬಂದ ಭಾವ ಮೊದಲು ನೋಡಿದ್ದು ತಮ್ಮನ ಮುಖವನ್ನಲ್ಲ, ತಲೆದೆಸೆಯ ಮಾನಿಟರಿನಲ್ಲಿದ್ದ ಆಮ್ಲಜನಕದ ಅಂಕಿಯನ್ನು.

"ಎಂಬತ್ತೊಂಬತ್ತು. ಪಕ್ಕದ ಮಂಚದವರಿಗೆ ತೊಂಬತ್ತೆಂಟಿದೆ. ನಮ್ಮವನಿಗೆ ಯಾಕೆ ಕಮ್ಮಿ?"

"ಇದೇನು ಪರೀಕ್ಷೆ ಮಾರ್ಕ್ಸಾ ಭಾವ, ಪಕ್ಕದವರ ಜೊತೆ ಹೋಲಿಸೋಕೆ? ಇವ್ರಿಗೆ ಅಷ್ಟೇ ಇರ್ಬೇಕಂತೆ."

ಅವಳು ಗಂಡನ ಪಕ್ಕೆಯಿಂದ ಹೊರಬಂದಿದ್ದ ಕೊಳವೆ ಮಡಚಿಕೊಳ್ಳದಂತೆ ಸರಿಮಾಡುತ್ತಿದ್ದಳು. ಅದು ನೆಲದ ಮೇಲಿನ ನೀರಿನ ಡಬ್ಬಿಗೆ ಇಳಿದಿತ್ತು. ಅವನು ಕೆಮ್ಮಿದಾಗಲೆಲ್ಲ ನೀರಿನಲ್ಲಿ ಗುಳ್ಳೆಗಳು ಏಳುತ್ತಿದ್ದವು. ಕೊಯ್ದ ಜಾಗದಿಂದ ಇನ್ನೂ ಗಾಳಿ ಸೋರುತ್ತಿದೆ ಎಂದು ಅದರ ಅರ್ಥ. ಅಣ್ಣತಮ್ಮಂದಿರಿಬ್ಬರೂ ಎರಕದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಒಂದೇ ಹೊಗೆ ಕುಡಿದವರು. ತಮ್ಮ ಅದರ ಜೊತೆಗೆ ಸಿಗರೇಟಿನದನ್ನೂ ಕುಡಿದ. ಉಬ್ಬಸ ಮೊದಲು ಬಂತು, ಕ್ಯಾನ್ಸರ್ ಗಡ್ಡೆ ಆಮೇಲೆ. "ಗಡ್ಡೆ ತೆಗೀಬಹುದಮ್ಮ," ಎಂದಿದ್ದರು ಡಾಕ್ಟರು, "ಉಳಿದ ಶ್ವಾಸಕೋಶವೇ ಸವೆದು ಹೋಗಿದೆ. ಅದು ಆಮೇಲೆ ಭಾರ ಹೊರುತ್ತಾ ಅನ್ನೋದೇ ಪ್ರಶ್ನೆ." ಕೊಯ್ಯಿಸಬೇಡ ಎಂದು ಭಾವ ಹಟ ಹಿಡಿದಿದ್ದ. ಸಹಿ ಹಾಕಿದವಳು ಅವಳು.

ಗೋಡೆಗೆ ಆಮ್ಲಜನಕದ ಹರಿವು ತೋರಿಸುವ, ತಿರುಪಿರುವ ಗಾಜಿನ ನಳಿಗೆ ಹಾಕಿದ್ದರು. ಅದರೊಳಗಿನ ಪುಟ್ಟ ಗುಂಡು ಒಂದೂವರೆಯ ಗೆರೆಯ ಮೇಲೆ ನಿಂತಿರಬೇಕು. ಹೆಚ್ಚು ಕೊಟ್ಟರೆ ಇಂಥ ಎದೆಯಲ್ಲಿ ಕೆಟ್ಟ ಗಾಳಿ ಹೊರಗೆ ಹೋಗದೆ ತುಂಬಿಕೊಳ್ಳುತ್ತದೆ, ರೋಗಿ ಹಾಯಾಗಿ ನಿದ್ದೆ ಹೋಗುತ್ತಾನೆ, ಏಳುವುದಿಲ್ಲ. ಡಾಕ್ಟರು ಎರಡು ಸಲ ಹೇಳಿದ್ದನ್ನು ಅವಳು ಭಾವನಿಗೆ ಬಿಡಿಸಿ ಹೇಳಿದಳು. ಅವನು ಹೂಂಗುಟ್ಟಿದ.

ಅವಳು ಕೆಳಗೆ ಹೋಗಿ ಔಷಧಿಯ ಸಾಲಿನಲ್ಲಿ ನಿಂತು ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಗುಂಡು ಎಂಟರ ಮೇಲೆ ಕುಣಿಯುತ್ತಿತ್ತು.

"ನೋಡು," ಎಂದ ಭಾವ, ಮುಖವೆಲ್ಲ ನಗು. "ತೊಂಬತ್ತೊಂಬತ್ತು. ಮಗು ಥರ ಮಲಗಿದಾನೆ. ನಾಲ್ಕು ದಿನ ನರಳಿಸಿದ್ರಲ್ಲ ಎಲ್ಲ ಸೇರಿ."

ಗಂಡನ ಮುಖ ಕೆಂಪೇರಿ ಬೆವೆತಿತ್ತು. "ರೀ," ಎಂದಳು. ಭುಜ ಅಲುಗಿಸಿದಳು. ರೆಪ್ಪೆ ಮಿಸುಕಲಿಲ್ಲ. ಅವಳು ತಿರುಪಿಗೆ ಕೈ ಹಾಕಿದಳು; ಭಾವನ ಕೈ ಇಕ್ಕಳದಂತೆ ಬಂದು ಮಣಿಕಟ್ಟನ್ನು ಹಿಡಿಯಿತು.

"ಮುಟ್ಟಬೇಡ."

"ಭಾವ, ಬಿಡಿ. ಸಾಯ್ತಾರೆ."

"ಉಸಿರು ಕೊಟ್ರೆ ಯಾರಾದ್ರೂ ಸಾಯ್ತಾರಾ? ನಿನ್ನ ಮನಸ್ಸಲ್ಲಿರೋದು ನಂಗೊತ್ತು. ಅವನು ನಿಂಗೆ ಹೊಡೀತಿದ್ದ, ಈಗ ಮಲಗಿರೋವಾಗ ತೀರಿಸ್ಕೊತಿದೀಯ."

"ತೀರಿಸ್ಕೊಳ್ಳೋದಾಗಿದ್ರೆ ಸಹಿ ಹಾಕ್ದೆ ಮನೇಲಿ ಕೂತಿರ್ತಿದ್ದೆ. ಗಡ್ಡೆನೇ ಮಾಡ್ತಿತ್ತು ಆ ಕೆಲ್ಸ."

ಅವನು ಕೈ ತಿರುಚಿದ. ಮೊಣಕೈಯಲ್ಲಿ ಏನೋ ಲಟಕ್ಕೆಂದಿತು. ಇನ್ನೊಂದು ಕೈ ನೀಡಿದಳು. ಅವನು ಕುತ್ತಿಗೆಗೆ ಕೈ ಹಾಕಿ ದಬ್ಬಿದ. ಮಂಚದ ಕಬ್ಬಿಣದ ಸರಳು ಬಾಯಿಗೆ ಬಡಿಯಿತು. ಔಷಧಿ ಬಾಟಲಿ ನೆಲಕ್ಕೆ ಬಿದ್ದು ಚೂರಾಯಿತು. ಪಕ್ಕದ ಮಂಚದ ಮುದುಕಪ್ಪ ಗಂಟೆಯ ಗುಂಡಿಯನ್ನು ಒತ್ತುತ್ತಲೇ, "ಲೇ, ಹೆಣ್ಣುಮಗಳ ಮೇಲೆ ಕೈ ಮಾಡ್ತೀಯಲ್ಲೋ," ಎಂದು ಏಳಲು ಹೋಗಿ ಕೆಮ್ಮು ಹತ್ತಿ ಕುಸಿದ. ಬಾಯಲ್ಲಿ ರಕ್ತದ ರುಚಿ ಬಂದಾಗ ಅವಳಿಗೆ ಹೊಳೆದದ್ದು ಒಂದೇ. ತನ್ನನ್ನು ಹಿಡಿದಿದ್ದ ಕೈಗೆ ಬಾಯಿ ಹಾಕಿ, ಹಲ್ಲು ಒಂದಕ್ಕೊಂದು ತಾಗಿತೇನೋ ಎನ್ನುವಷ್ಟು ಕಚ್ಚಿದಳು. ಭಾವ ಬೊಬ್ಬೆ ಹಾಕಿ ಕೈಬಿಟ್ಟ. ಅವಳು ತಿರುಪು ತಿರುಗಿಸಿದಳು. ಗುಂಡು ಇಳಿದು ಒಂದೂವರೆಯ ಮೇಲೆ ನಿಂತಿತು.

ನರ್ಸು ಓಡಿ ಬಂದಳು. ನಳಿಗೆ ನೋಡಿದಳು, ರೋಗಿಯ ರೆಪ್ಪೆ ಎತ್ತಿ ನೋಡಿದಳು. "ಯಾರು ಏರಿಸಿದ್ದು?" ಭಾವನ ಮುಖವೇ ಹೇಳುತ್ತಿತ್ತು. ನರ್ಸು ರೋಗಿಯ ಮಣಿಕಟ್ಟಿನಿಂದ ಪರೀಕ್ಷೆಗೆ ರಕ್ತ ತೆಗೆದಳು. "ಇವ್ರನ್ನ ಮಲಗೋಕೆ ಬಿಡ್ಬೇಡಿ. ಕೂಗಿ, ಚಿವುಟಿ, ಕೆನ್ನೆಗೆ ತಟ್ಟಿ. ನಾನು ಡಾಕ್ಟರನ್ನ ಕರ್ಕೊಂಡು ಬರ್ತೀನಿ."

ನರ್ಸು ಓಡಿದ ಮೇಲೆ ಅವಳು ಗಂಡನನ್ನು ಕೂಗಿದಳು. ಕಿವಿಯ ಹಾಲೆ ಚಿವುಟಿದಳು. ಉಸಿರು ಒಂದು ಬಂದು, ಇನ್ನೊಂದು ಬರಲು ಯೋಚಿಸುತ್ತಿತ್ತು. ಮಕ್ಕಳನ್ನು ನಿದ್ದೆಯಿಂದ ಎಬ್ಬಿಸುವಂತೆ ಕೆನ್ನೆ ತಟ್ಟಿದಳು. ಏನೂ ಆಗಲಿಲ್ಲ. ಆಗ ಕೈ ಹಿಂದಕ್ಕೆಳೆದು ಬೀಸಿ ಬಾರಿಸಿದಳು. ಹುಬ್ಬು ಅಲುಗಿತು. ಎರಡನೆಯ ಏಟಿಗೆ ನರಳಿದ. ಮೂರನೆಯದಕ್ಕೆ ಕಣ್ಣು ಅರೆತೆರೆದು ಅವಳನ್ನು ನೋಡಿದ, ಉಸಿರು ಎಳೆದುಕೊಂಡ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳ ಕೈ ನಿಲ್ಲಲಿಲ್ಲ. ನಾಲ್ಕನೆಯದು ಮತ್ತೂ ಜೋರಾಗಿ ಬಿತ್ತು, ಐದನೆಯದು ತುಟಿಯ ಅಂಚು ಸೀಳಿತು. ಮದುವೆಯಾಗಿ ಹದಿನೆಂಟು ವರ್ಷ ಎಂದೂ ಎದ್ದಿರದ ಕೈ ತಾನಾಗಿಯೇ ದಾರಿ ಹುಡುಕಿಕೊಂಡಂತಿತ್ತು. ಭಾವ ಕಚ್ಚಿಸಿಕೊಂಡ ಕೈಯನ್ನು ಕಂಕುಳಲ್ಲಿ ಒತ್ತಿಕೊಂಡು ನಿಂತಿದ್ದ. "ಎದ್ದಿದಾನಲ್ಲ," ಎಂದ ಮೆಲ್ಲಗೆ, "ಸಾಕು ಬಿಡು."

ಅವಳು ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಅಂಗೈ ಉರಿಯುತ್ತಿತ್ತು.

ಡಾಕ್ಟರು ಬಂದರು. "ಇನ್ನರ್ಧ ಗಂಟೆ ಬಿಟ್ಟಿದ್ರೆ ಆಪರೇಷನ್ ಮಾಡಿದ್ದೆಲ್ಲ ನೀರಲ್ಲಿ ಹೋಮ," ಎಂದು ಭಾವನನ್ನು ಹೊರಗೆ ಕಳಿಸಿದರು. ರೋಗಿಯ ಊದಿದ ಕೆನ್ನೆ ನೋಡಿ ಅವಳತ್ತ ತಿರುಗಿದರು. "ಎಷ್ಟು ಸಲ ಹೊಡೆದ್ರಿ?"

"ಬೇಕಾದ್ದಕ್ಕಿಂತ ಎರಡು ಜಾಸ್ತಿ," ಎಂದಳು.

ಅವರು ಅವಳ ಬಾಯಿಯ ರಕ್ತ ಒರೆಸಿಕೊಳ್ಳಲು ಹತ್ತಿ ಕೊಟ್ಟು ಹೋದರು.

ಸಂಜೆಯ ರಕ್ತಪರೀಕ್ಷೆಯಲ್ಲಿ ಕೆಟ್ಟ ಗಾಳಿ ಇಳಿದಿತ್ತು. ಗಂಡ ಎಚ್ಚರವಾಗಿದ್ದ. ಮೂಗಿಗೆ ಹಾಕಿದ್ದ ಆಮ್ಲಜನಕದ ಕೊಳವೆ ಒಂದು ಪಕ್ಕಕ್ಕೆ ಜಾರಿತ್ತು. ಸರಿಮಾಡಲು ಅವಳು ಕೈ ಎತ್ತಿದಳು. ಅವನು ಕಣ್ಣು ಬಿಗಿಯಾಗಿ ಮುಚ್ಚಿ, ಕತ್ತನ್ನು ಭುಜದೊಳಕ್ಕೆ ಎಳೆದುಕೊಂಡ.

ಅವಳ ಕೈ ಗಾಳಿಯಲ್ಲೇ ನಿಂತಿತು. ಅವನು ಹೆದರಿದ್ದು ಕಂಡು ಒಂದು ಕ್ಷಣ ಹಿತವೆನಿಸಿತು. ಮರುಕ್ಷಣವೇ ಆ ಹಿತಕ್ಕೆ ಅವಳಿಗೇ ನಾಚಿಕೆಯಾಯಿತು. ಅವನು ಕಣ್ಣು ತೆರೆಯುವವರೆಗೂ ಕಾದಳು. ತೆರೆದ ಮೇಲೆ, ಅವನಿಗೆ ಕಾಣುವಂತೆ ಕೈಯನ್ನು ನಿಧಾನವಾಗಿ ತಂದು, ಕೊಳವೆಯನ್ನು ಮೂಗಿಗೆ ಸೇರಿಸಿದಳು.

"ಉಸಿರು ಬಿಡಿ," ಎಂದಳು. "ಪೂರ್ತಿ ಬಿಡಿ. ಆಮೇಲೆ ಎಳ್ಕೊಳ್ಳಿ."